ಹಿರೇಕೆರೂರಿನ ಫೋಟೋದಲ್ಲಿ ನಾನು ಕಣ್ಣು ಹೊಡೆದದ್ದಲ್ಲ

ಹೋದ ವಾರ ಹಿರೇಕೆರೂರಿನ ಟೂರ್ನಮೆಂಟಿನ ಫೋಟೋ ಹಾಕಿದೆ. ಬೆವರಿನಲ್ಲಿ ತೊಯ್ದು, ಶಮ್ಮಿಯ ಹೆಗಲ ಮೇಲೆ ಕೈ ಹಾಕಿ ನಗುತ್ತಾ ನಿಂತಿದ್ದೇನೆ. ಅದರ ಕೆಳಗೆ ಬಂದ ಕಾಮೆಂಟುಗಳನ್ನು ಓದಿದರೆ ನಮ್ಮ ಮನೆಯವರು ಇಷ್ಟೊತ್ತಿಗೆ ನನ್ನನ್ನು ತವರಿಗೆ ಕಳಿಸಬೇಕಿತ್ತು. "ಯಾರಿಗ್ರಿ ಮೇಡಂ ಕಣ್ಣು ಹೊಡ್ಯಾಕತ್ತೀರಿ?" ಅಂತ ಒಬ್ಬರು. "ಈ ವಯಸ್ಸಿನ್ಯಾಗ ಏನಿದು ಹುಡುಗಾಟ" ಅಂತ ದೂರದ ಸಂಬಂಧದ ಮಾವ ಒಬ್ಬರು. ಜತೆಗೆ ಓದಿದವನೊಬ್ಬ ಅದು ತನಗೇ ಅಂದುಕೊಂಡು ಇನ್‌ಬಾಕ್ಸಿಗೆ ಗುಲಾಬಿ ಹೂವು ಕಳಿಸಿದ. ಅಪ್ಪಾ, ನಿನಗಲ್ಲ. ಯಾರಿಗೂ ಅಲ್ಲ. ಆ ಕಣ್ಣಿನದೇ ಒಂದು ಕಥೆ ಇದೆ, ಹೇಳುತ್ತೇನೆ. ಮುಖ ಹೀಗಾಗಿ ಕನ್ನಡಿ ಮುಂದೆ ಅಳುತ್ತಾ ಕೂತವರು ನಿಮಗೆ ಗೊತ್ತಿದ್ದರೆ ಅವರಿಗೂ ಕಳಿಸಿ. ನಾನು ಅಳುತ್ತಾ ಕೂತಿದ್ದಾಗ ಜನ ನನಗೆ ಕಳಿಸಿದ್ದು ಬರೀ ಪಾರಿವಾಳದ ವಿಡಿಯೋ.

ಹೊಸದಾಗಿ ಓದುವವರಿಗೆ: ನಾನು ಪದ್ಮಾ, ಊರು ಹಾನಗಲ್ಲು, ಎಲ್ಲರ ಬಾಯಲ್ಲಿ ಪದ್ದಿ. ಬ್ಯಾಡ್ಮಿಂಟನ್ ಆಡಿ ಅನ್ನ ಉಂಡವಳು, ಅದೂ ಡಬಲ್ಸ್ ಮಾತ್ರ. ನನ್ನ ಜೋಡಿ ಶಮೀಮ್, ಸವಣೂರಿನವಳು, ನನಗೆ ಶಮ್ಮಿ. ಹೈಸ್ಕೂಲಿನಲ್ಲಿದ್ದಾಗ ಶಿಗ್ಗಾವಿಯಲ್ಲಿ ಒಂದು ಟೂರ್ನಮೆಂಟು ನಡೆದಿತ್ತು. ಇಬ್ಬರೂ ಸಿಂಗಲ್ಸಿನ ಮೊದಲ ಸುತ್ತಿನಲ್ಲೇ ಸೋತು, ಒಬ್ಬರಿಗೊಬ್ಬರು ಗುರುತಿಲ್ಲದೆ, ಒಂದೇ ನಳದ ಹತ್ತಿರ ಮುಖ ತೊಳೆಯುವ ನೆಪದಲ್ಲಿ ಅಳುತ್ತಿದ್ದೆವು. ಅಲ್ಲಿಯ ಪಿ.ಟಿ. ಮಾಸ್ತರು ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಒಬ್ಬಾಕಿಗೆ ಓಡಾಕ ಬರ್ತೈತಿ, ಹೊಡ್ಯಾಕ ಬರಂಗಿಲ್ಲ. ಇನ್ನೊಬ್ಬಾಕಿಗೆ ಹೊಡ್ಯಾಕ ಬರ್ತೈತಿ, ಓಡಾಕ ಬರಂಗಿಲ್ಲ. ಕೂಡಿ ಆಡ್ರಿ, ಇಬ್ಬರೂ ಸೇರಿ ಒಬ್ಬ ಪೂರಾ ಆಟಗಾರ್ತಿ ಆಗ್ತೀರಿ" ಅಂದರು. ಓಡುವವಳು ನಾನು. ಹೊಡೆಯುವವಳು ಶಮ್ಮಿ. ಮಾತಿನಲ್ಲೂ ಅಷ್ಟೇ.

ಅಲ್ಲಿಂದ ಶುರುವಾಗಿದ್ದು ಜಿಲ್ಲೆ, ರಾಜ್ಯ, ಆಮೇಲೆ ದೇಶದ ಊರೂರು. ಆಟದ ಕೋಟಾದಲ್ಲಿ ಒಂದೇ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ವರ್ಷದ ಅರ್ಧ ರೈಲಿನಲ್ಲೇ ಕಳೆಯಿತು, ಒಂದೇ ಬರ್ತಿನಲ್ಲಿ ಅವಳ ತಲೆಯ ಕಡೆ ನನ್ನ ಕಾಲು, ನನ್ನ ತಲೆಯ ಕಡೆ ಅವಳ ಕಾಲು. ಒಂದು ಸಲ ದೊಡ್ಡ ಟೂರ್ನಮೆಂಟಿನಲ್ಲಿ ಸೆಮಿಫೈನಲ್ ಮುಟ್ಟಿದೆವು. ಪೇಪರಿನವರು ಫೋಟೋ ಹಾಕಿ ನನ್ನ ಹೆಸರನ್ನು ಅವಳಿಗೆ, ಅವಳ ಹೆಸರನ್ನು ನನಗೆ ಇಟ್ಟರು. ಸವಣೂರಿನಲ್ಲಿ ಅವರ ಅಮ್ಮಿ ಪೇಪರ್ ಹಿಡಿದು ಕೂಗಾಡಿದರು. ಇಲ್ಲಿ ನಮ್ಮ ಅಪ್ಪ ಮಾತ್ರ, "ಇರ್ಲಿ ಬಿಡು, ಇಬ್ಬರೂ ಒಂದ" ಅಂದರು. ಈಗ ಇಬ್ಬರೂ ಹಾನಗಲ್ಲಿನಲ್ಲಿ ಹಳೆಯ ಅಕ್ಕಿ ಗಿರಣಿಯ ಗೋದಾಮಿನೊಳಗೆ ಕೋರ್ಟು ಹಾಕಿ ಮಕ್ಕಳಿಗೆ ಆಟ ಕಲಿಸುತ್ತೇವೆ. ಜೋರಾಗಿ ಸ್ಮ್ಯಾಶ್ ಹೊಡೆದರೆ ಇವತ್ತಿಗೂ ತೊಲೆಯ ಮೇಲಿಂದ ತೌಡು ಉದುರುತ್ತದೆ.

ಡಬಲ್ಸ್ ಗೊತ್ತಿಲ್ಲದವರಿಗೆ ಒಂದೇ ಮಾತು ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಡಬಲ್ಸಿನಲ್ಲಿ ಮೋಸದ ಜಾಗ ಮೂಲೆಯಲ್ಲ, ಇಬ್ಬರ ನಡುವೆ ಇದೆ. ಶಟಲ್ ಅಲ್ಲಿಗೆ ಬಂದರೆ ಇವಳು ಅವಳು ಹೊಡೆಯುತ್ತಾಳೆ ಅಂದುಕೊಳ್ಳುತ್ತಾಳೆ, ಅವಳು ಇವಳು ಹೊಡೆಯುತ್ತಾಳೆ ಅಂದುಕೊಳ್ಳುತ್ತಾಳೆ, ಅದು ನೆಮ್ಮದಿಯಾಗಿ ನೆಲಕ್ಕೆ ಬೀಳುತ್ತದೆ. ಅದಕ್ಕೇ ಮಾಸ್ತರು, "ನಡುವ ಬಂದದ್ದಕ್ಕ 'ನಂದು' ಅಂತ ಒದರ್ರಿ. ನಾಚಿಕಿ ಬ್ಯಾಡ" ಅನ್ನುತ್ತಿದ್ದರು. ಮೊದಲೆಲ್ಲ ಒದರುತ್ತಿದ್ದೆವು. ವರ್ಷಗಳು ಹೋದ ಹಾಗೆ ಒದರುವುದನ್ನು ಬಿಟ್ಟೆವು. ಅವಳ ಉಸಿರಿನಿಂದಲೇ ಅವಳು ಹೊಡೆಯುತ್ತಾಳೋ ಬಿಡುತ್ತಾಳೋ ನನಗೆ ಗೊತ್ತಾಗುತ್ತಿತ್ತು. ನಮ್ಮಷ್ಟು ಸುಮ್ಮನೆ ಆಡುವ ಜೋಡಿ ಇನ್ನೊಂದಿಲ್ಲ ಅನ್ನುವ ಸೊಕ್ಕೂ ಇತ್ತು.

ಇನ್ನೊಂದು ಸಂಗತಿ. ನಲವತ್ತು ದಾಟಿದವರ ಟೂರ್ನಮೆಂಟುಗಳಲ್ಲಿ ಐದು ವರ್ಷಕ್ಕೊಂದು ಗುಂಪು ಮಾಡುತ್ತಾರೆ. ನಲವತ್ನಾಲ್ಕರ ನಾವು ನಲವತ್ತರ ಹುಡುಗಿಯರ ಕೈಯಲ್ಲಿ ಬಡಿಸಿಕೊಂಡು ಬೇಸತ್ತಿದ್ದೆವು. ನಲವತ್ತೈದು ತುಂಬಿದರೆ ಮೇಲಿನ ಗುಂಪಿನಲ್ಲಿ ನಾವೇ ಹುಡುಗಿಯರು! ನಲವತ್ತೈದು ಯಾವಾಗ ಆಗುತ್ತದೋ ಅಂತ ದೇವರಿಗೆ ಬೇಡಿಕೊಂಡ ಹೆಂಗಸರು ನಮ್ಮ ಜಿಲ್ಲೆಯಲ್ಲಿ ನಾವಿಬ್ಬರೇ ಇರಬೇಕು. ಈ ವರ್ಷ ಇಬ್ಬರಿಗೂ ಆಯಿತು. ದೀಪಾವಳಿ ಆದ ಮೇಲೆ ಹಿರೇಕೆರೂರಿನಲ್ಲಿ ಆ ಗುಂಪಿನ ಡಬಲ್ಸ್ ಇತ್ತು. ಮೊಣಕಾಲು ಇನ್ನೆಷ್ಟು ದಿನ ಮಾತು ಕೇಳುತ್ತದೋ ಗೊತ್ತಿಲ್ಲ. ಅದೊಂದನ್ನು ಆಡಿಬಿಡಬೇಕು, ಶಮ್ಮಿಯ ಜತೆಗೇ ಆಡಬೇಕು ಅಂತ ಕೂತಿದ್ದೆ.

ಯುಗಾದಿ ಆಗಿ ಸ್ವಲ್ಪ ದಿನವಾಗಿತ್ತು. ಹಿಂದಿನ ದಿನದಿಂದ ಎಡಗಿವಿಯ ಹಿಂದೆ ನೋವು. ಫ್ಯಾನಿನ ಗಾಳಿ ಅಂದುಕೊಂಡಿದ್ದೆ. ಮುಂಜಾನೆ ಗೋದಾಮಿನಲ್ಲಿ ಆಟ ಮುಗಿಸಿ ಬಾಟಲಿ ಎತ್ತಿ ನೀರು ಕುಡಿದರೆ ಅರ್ಧ ನೀರು ಎಡಗಡೆಯಿಂದ ಇಳಿದು ಟೀ ಶರ್ಟಿಗೆ ಬಂತು.

"ಏನಲೇ, ಸಣ್ಣ ಕೂಸಿನಂಗ ಜೊಲ್ಲು ಸುರಿಸಾಕತ್ತಿ?" ಅಂದಳು ಶಮ್ಮಿ.

ನಾನು ನಕ್ಕೆ. ಅವಳ ಮುಖದಲ್ಲಿದ್ದ ನಗು ನಿಂತುಹೋಯಿತು.

"ಪದ್ದಿ, ಇನ್ನೊಮ್ಮೆ ನಗು."

ಅಷ್ಟು ವರ್ಷದಲ್ಲಿ ಶಮ್ಮಿ ನನ್ನನ್ನು ಕೇಳಿಕೊಂಡು ನಗಿಸಿದವಳಲ್ಲ. ಮತ್ತೆ ನಕ್ಕೆ. ಅವಳು ಫೋನಿನ ಕ್ಯಾಮೆರಾ ತಿರುಗಿಸಿ ನನಗೆ ತೋರಿಸಿದಳು. ಬಲಗಡೆಯ ನಾನು ನಗುತ್ತಿದ್ದೆ. ಎಡಗಡೆಯವಳು ಯಾರದೋ ಮನೆಯ ಸಾವಿಗೆ ಬಂದವಳ ಹಾಗೆ ಸುಮ್ಮನಿದ್ದಳು.

"ಲಕ್ವಾ" ಅಂದಳು ಶಮ್ಮಿ. ಅಂದವಳೇ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅವತ್ತು ಪರೀಕ್ಷೆಯ ಕೆಲಸ, ಫೋನು ಬಂದ್. ಶಮ್ಮಿ ನನ್ನನ್ನು ತನ್ನ ತಮ್ಮನ ಖಾರದ ಅಂಗಡಿಯ ವ್ಯಾನಿನಲ್ಲಿ ಕೂರಿಸಿ ಹುಬ್ಬಳ್ಳಿಯ ಕಡೆ ಹೊಡೆದಳು. ಹಿಂದೆ ಡಬ್ಬಿಗಟ್ಟಲೆ ಸವಣೂರು ಖಾರಾ, ಕುರುಕುರು ತಿಂಡಿ. ಪಾರ್ಶ್ವವಾಯು ಆಗಿದೆ, ಇನ್ನು ಸಾಯುತ್ತೇನೆ ಅಂತ ನಾನು ಕೂತಿದ್ದರೆ ವ್ಯಾನೆಲ್ಲ ಒಗ್ಗರಣೆಯ ಘಮಘಮ. ಸಾಯುವವಳಿಗೂ ಹಸಿವಾಗುವ ಹಾಗಿತ್ತು. ದಾರಿಯುದ್ದಕ್ಕೂ ಶಮ್ಮಿಯದು ಒಂದೇ ಪಾಠ, "ಎಡಗೈ ಎತ್ತು. ಎಡಗಾಲು ಎತ್ತು." ಬಂಕಾಪುರದಲ್ಲಿ ಎತ್ತಿದೆ. ಶಿಗ್ಗಾವಿಯಲ್ಲಿ ಎತ್ತಿದೆ. ಹೈವೇಯಲ್ಲಿ ಪಕ್ಕದ ಲಾರಿಯ ಡ್ರೈವರ್ ನಾನು ಅವನಿಗೇ ಕೈ ಮಾಡುತ್ತಿದ್ದೇನೆ ಅಂದುಕೊಂಡು ತಾನೂ ಕೈ ಎತ್ತಿದ.

ಆಸ್ಪತ್ರೆಯಲ್ಲಿ ಹೆಸರು ಕೇಳಿದರು. ಆಗ ತಿಳಿಯಿತು, ತುಟಿ ಕೂಡಿಸುವ ಅಕ್ಷರಗಳೆಲ್ಲ ಕೈ ಕೊಟ್ಟಿವೆ ಅಂತ. 'ಪ' ಇಲ್ಲ, 'ಬ' ಇಲ್ಲ, 'ಮ' ಇಲ್ಲ. ನನ್ನ ಹೆಸರು ನನಗೇ ಹೇಳಲು ಬರಲಿಲ್ಲ. ಪದ್ಮಾ ಅನ್ನಲು ಹೋದರೆ ಸೈಕಲ್ಲಿನ ಗಾಳಿ ಬಿಟ್ಟ ಹಾಗೆ ಬರೀ ಉಸಿರು ಹೋಯಿತು. ಶಮ್ಮಿ ಮುಂದೆ ಬಂದು ಹೆಸರು, ಊರು, ವಯಸ್ಸು ಎಲ್ಲ ಹೇಳಿದಳು. ವಯಸ್ಸು ಹೇಳುವಾಗ ಸ್ವಲ್ಪ ಹೆಮ್ಮೆಯಿಂದ, "ನಲವತ್ತೈದು, ಈಗಷ್ಟ ತುಂಬ್ಯಾವ್ರಿ" ಅಂದಳು. ಅಲ್ಲಿಂದ ಮುಂದೆ ನನ್ನ ಬಾಯಿ ಅವಳದೇ ಆಯಿತು.

ಕಾಯುವ ಬೆಂಚಿನ ಮೇಲೆ ಕೂತವರೆಲ್ಲ ಡಾಕ್ಟರೇ. ಪಕ್ಕದ ಮುದುಕಿ ನನ್ನ ಗದ್ದ ಹಿಡಿದು ಅತ್ತಿತ್ತ ತಿರುಗಿಸಿ, "ಎಡಕ್ಕ ಆಗೇತಿ? ಹಂಗಾರ ಹೆದರಬ್ಯಾಡ. ಹೆಣ್ಣಮಕ್ಕಳಿಗೆ ಎಡಕ್ಕ ಆದ್ರ ಶುಭ" ಅಂದಳು. ಕಣ್ಣು ಹಾರುವುದಕ್ಕೂ ಮುಖ ಬೀಳುವುದಕ್ಕೂ ಒಂದೇ ಶಾಸ್ತ್ರ ಆಕೆಗೆ. ನಂಬುತ್ತೀರೋ ಬಿಡುತ್ತೀರೋ, ಆ ಮಾತಿನಿಂದ ನನಗೆ ಒಂಚೂರು ಧೈರ್ಯ ಬಂತು.

ಒಳಗೆ ಡಾಕ್ಟರು "ಹಣಿ ಗಂಟು ಹಾಕ್ರಿ" ಅಂದರು. ಹಾಕಿದೆ. "ಹಲ್ಲು ತೋರಸ್ರಿ." ತೋರಿಸಿದೆ. "ಎರಡೂ ಕಣ್ಣು ಗಟ್ಟೆ ಮುಚ್ರಿ." ಮುಚ್ಚಿದೆ. ಒಂದು ಮುಚ್ಚಿತು, ಇನ್ನೊಂದು ಡಾಕ್ಟರನ್ನೇ ನೋಡುತ್ತಾ ಉಳಿಯಿತು. ಅವರು ನನ್ನ ಪಕ್ಕಕ್ಕೆ ತಿರುಗಿ, "ನಿಮಗಲ್ರಿ, ಇವ್ರಿಗೆ ಹೇಳಿದ್ದು" ಅಂದರು. ನೋಡಿದರೆ ಶಮ್ಮಿಯೂ ಹಣೆ ಗಂಟು ಹಾಕಿ, ಹಲ್ಲು ಕಿರಿದು, ಕಣ್ಣು ಮುಚ್ಚಿ ಕೂತಿದ್ದಳು. ನಾವು ಒಂದಾಗಿ ವಾರ್ಮಪ್ ಮಾಡಿದವರು, ಅವಳ ತಪ್ಪಲ್ಲ.

"ಇದು ಮಿದುಳಿಂದು ಅಲ್ಲ. ಮುಖದ ನರ ಬಾತದ. ಬಹಳ ಮಂದಿಗೆ ವಾಪಸ್ ಬರ್ತದ, ಟೈಮ್ ಬೇಕು" ಅಂದರು ಡಾಕ್ಟರು. ಶಮ್ಮಿ ನನ್ನ ಕೈ ಹಿಡಿದುಕೊಂಡಳು.

"ಮತ್ತ ಆಟಾ?" ಅಂತ ಕೇಳಿದಳು.

"ಕಣ್ಣು ತಾನಾಗೇ ಮುಚ್ಚೂತನಕ ಆಟ ಇಲ್ಲ. ಒಣಗಿತು ಅಂದ್ರ ಗಾಯ ಆಗ್ತದ. ಹನಿ ಹಾಕ್ರಿ, ಮಲಗೋ ಮುಂದ ಪಟ್ಟಿ ಹಚ್ರಿ." ಗುಳಿಗೆ ಬರೆಯುತ್ತಾ, "ಸ್ಟೀರಾಯ್ಡ್ ಕೊಡ್ತೇನಿ. ಶುಗರ್, ಬಿ.ಪಿ. ಏನಾರೆ ಅದಾವೇನು?" ಅಂದರು.

ನನಗೆ ಶುಗರ್ ಇತ್ತು. ಹೋದ ವರ್ಷ ಗೊತ್ತಾದದ್ದು. ನಮ್ಮ ಮನೆಯವರಿಗೂ ಶಮ್ಮಿಗೂ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅತ್ತೆ ಹೋಳಿಗೆ ಬಂದ್ ಮಾಡುತ್ತಿದ್ದರು. ಬಾಯಾಗಿದ್ದ ಶಮ್ಮಿ ಹೇಳುತ್ತಾಳೆ ಅಂತ ನಾನು ಸುಮ್ಮನಿದ್ದೆ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿದವಳು ನಾನೇ ಆದ್ದರಿಂದ, ಪದ್ದಿಯೇ ತಲೆಯಾಡಿಸುತ್ತಾಳೆ ಅಂತ ಅವಳು ಸುಮ್ಮನಿದ್ದಳು. ಶಟಲ್ ನಡುವೆ ಬಂತು. ಇಬ್ಬರೂ ನೋಡುತ್ತಾ ಕೂತೆವು. ಡಾಕ್ಟರು ಇಲ್ಲ ಅಂದುಕೊಂಡು ಚೀಟಿ ಕೊಟ್ಟರು. ತಪ್ಪು ಅವರದಲ್ಲ. ಅವರು ಕೇಳಿದ್ದು ಸರಿಯಾಗಿಯೇ ಕೇಳಿದ್ದರು.

ಮನೆಗೆ ಬಂದಾಗ ನಮ್ಮ ಅತ್ತೆ ದೇವರ ಮನೆಯಿಂದ ಎದ್ದು ಬಂದರು. ಸಾಲಿಗ್ರಾಮ, ಮಡಿ, ಏಕಾದಶಿ ಯಾವುದನ್ನೂ ತಪ್ಪಿಸಿದವರಲ್ಲ. ನನ್ನ ಮುಖ ನೋಡಿದವರೇ, "ನನಗ ಗೊತ್ತಿತ್ತು" ಅಂದರು.

"ಏನ್ ಗೊತ್ತಿತ್ತವ್ವಾ?" ಅಂದರು ನಮ್ಮ ಮನೆಯವರು.

"ಇಷ್ಟು ವರ್ಷ ಹಕ್ಕಿ ಪುಕ್ಕಕ್ಕ ಹೊಡದ್ಲು. ಒಂದೊಂದು ಕಾಕಿಗೆ ಎಷ್ಟು ಪುಕ್ಕ ಅಂತ ಎಣಿಸಿರೇನು? ಆ ಬಾತುಕೋಳಿ ಶಾಪ ಇದು. ಇನ್ನ ಮ್ಯಾಲೆ ಪ್ಲಾಸ್ಟಿಕ್ ಕಾಕಿನ್ಯಾಗ ಆಡ್ಲಿ."

ಶಟಲಿಗೆ ಅತ್ತೆ ಕಾಕ್ ಅನ್ನುತ್ತಾರೆ, ಅದರ ಪುಕ್ಕ ಬಾತುಕೋಳಿಯದು. ಪ್ಲಾಸ್ಟಿಕ್ ಶಟಲಿನಲ್ಲಿ ಆಡುವುದಕ್ಕಿಂತ ಮುಖ ಹೀಗೇ ಇರಲಿ ಅಂತ ಹೇಳಬೇಕೆಂದಿದ್ದೆ. 'ಪ್ಲಾ' ಬರಲಿಲ್ಲ.

ಅದೇ ಹೊತ್ತಿಗೆ ಓಣಿಯ ಒಬ್ಬಾಕೆ ಬಂದು, ಪಾರಿವಾಳ ಕೊಯ್ದು ಬಿಸಿ ರಕ್ತ ಹಚ್ಚಿದರೆ ಲಕ್ವಾ ಇಳಿಯುತ್ತದೆ ಅಂದಳು. ವಿಡಿಯೋ ಕೂಡ ತೋರಿಸಿದಳು. ಅತ್ತೆ ಕೈಯಲ್ಲಿದ್ದ ತೀರ್ಥದ ಉದ್ಧರಣೆ ಎತ್ತಿದರು. "ಒಂದು ಹಕ್ಕಿ ಶಾಪಾನ ಇನ್ನೂ ಹೋಗಿಲ್ಲ, ಇನ್ನೊಂದು ಹಕ್ಕಿ ಜೀವ ತಗೀತೀಯೇನು? ನಡಿ ಹೊರಗ!" ಆಕೆ ಹೋದಳು. ವಿಡಿಯೋ ಮಾತ್ರ ಬಳಗದ ಎಲ್ಲ ಗ್ರೂಪುಗಳಿಗೂ ಹೋಗಿ, ದಿನಕ್ಕೊಮ್ಮೆ ಬೇರೆ ಬೇರೆಯವರಿಂದ ನನಗೇ ವಾಪಸ್ ಬರುತ್ತಿತ್ತು.

ನಗಬೇಡಿ, ಅಥವಾ ನಗಿ. ನಾನೂ ಈಗ ನಗುತ್ತೇನೆ. ಆಗ ಬಚ್ಚಲಿಗೆ ಹೋಗಿ ನಳ ಬಿಟ್ಟು ಅಳುತ್ತಿದ್ದೆ, ಶಿಗ್ಗಾವಿಯ ನಳದ ಹತ್ತಿರ ಅತ್ತ ಹಾಗೆಯೇ. ಅಳುವುದೂ ಒಂದೇ ಕಡೆ ಬರುತ್ತಿತ್ತು. ಸಾರು ಕುಡಿದರೆ ಸೋರುತ್ತಿತ್ತು. ರೊಟ್ಟಿಯ ತುಣುಕು ಎಡಗೆನ್ನೆಯಲ್ಲಿ ಹೋಗಿ ಕೂತರೆ ಬೆರಳು ಹಾಕಿ ತೆಗೆಯಬೇಕು. ಮಕ್ಕಳಿಗೆ ಆಟ ಕಲಿಸಲು ಹೋದರೆ ನಾನು ಸಿಟ್ಟಾಗಿದ್ದೇನೋ ನಗುತ್ತಿದ್ದೇನೋ ತಿಳಿಯದೆ ಅವು ಎರಡಕ್ಕೂ "ಸಾರಿ ಮೇಡಂ" ಅನ್ನುತ್ತಿದ್ದವು. ನಮ್ಮ ಮನೆಯವರು ದಿನಾ ಮುಂಜಾನೆ "ನಗು" ಅಂತ ಒಂದು ಫೋಟೋ ತೆಗೆದು, ಅದರ ಮೇಲೆ ಶಾಲೆಯ ಕೋನಮಾಪಕ ಇಟ್ಟು, "ನಿನ್ನಿಗಿಂತ ಒಂದು ಡಿಗ್ರಿ ಏರ್‍ಯದ" ಅನ್ನುತ್ತಿದ್ದರು. ಏರಿರುತ್ತಿರಲಿಲ್ಲ. ಫೋನನ್ನು ಸ್ವಲ್ಪ ಓರೆ ಹಿಡಿಯುತ್ತಿದ್ದರು, ನನಗೆ ಕಾಣುತ್ತಿತ್ತು. ನಾನೂ ಹೂಂ ಅನ್ನುತ್ತಿದ್ದೆ.

ಪಟ್ಟಿ ಹಚ್ಚುವ ಕೆಲಸ ಅತ್ತೆ ತಾವೇ ತೆಗೆದುಕೊಂಡರು. ನಾನು ಕೇಳಿರಲಿಲ್ಲ. ಆರತಿ ಮುಗಿಸಿ ಬಂದು, ಮುಲಾಮು ಹಾಕಿ, ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸಿ, ಉಸಿರು ಬಿಗಿಹಿಡಿದು ಪಟ್ಟಿ ಅಂಟಿಸುತ್ತಿದ್ದರು. ಕೂಸಿನ ಕಣ್ಣಿಗೆ ಕಾಡಿಗೆ ಹಚ್ಚುವವರ ಹಾಗೆ. ಅಂಟಿಸಿ ಮುಗಿದ ಮೇಲೆ ಎರಡು ಮಾತು ಬೈದೇ ಏಳುತ್ತಿದ್ದರು.

ಒಂದು ದಿನ ಶಮ್ಮಿಯ ಅಮ್ಮಿ ಹಠ ಹಿಡಿದು ಸವಣೂರಿಗೆ ಕರೆಸಿಕೊಂಡರು. ಎಡಗೆನ್ನೆಯಲ್ಲಿ ಜಾಜಿಕಾಯಿ ಇಟ್ಟುಕೊಂಡರೆ ನರ ಎಚ್ಚರಾಗುತ್ತದೆ ಅಂತ ಅವರ ನಂಬಿಕೆ. ಇಟ್ಟುಕೊಂಡೆ. ಅದು ಅಲ್ಲಿರುವುದೇ ಗೊತ್ತಾಗದೆ ಬಿದ್ದುಹೋಗುತ್ತಿತ್ತು. ನನಗಂತೂ ನಾಲ್ಕೈದು ದಿನದಿಂದ ಮೈಯೆಲ್ಲ ಉರಿ, ನೀರಡಿಕೆ. ಅಮ್ಮಿ ಶರಬತ್ತು ಮಾಡಿ ಕೊಟ್ಟರು. ಗಟಗಟ ಕುಡಿದೆ. "ಇನ್ನೊಂದು ಕುಡಿ ಬೇಟಾ" ಅಂದರು. ಅದನ್ನೂ ಕುಡಿದೆ. ಎದ್ದು ನಿಂತೆ. ಗೋಡೆ ತಿರುಗಿತು. ಆಮೇಲೆ ನೋಡಿದರೆ ಓಣಿಯ ಕೊನೆಯ ದವಾಖಾನೆಯ ಮಂಚದ ಮೇಲಿದ್ದೆ.

ನರ್ಸಮ್ಮ ಬೆರಳು ಚುಚ್ಚಿ ಮಶೀನು ನೋಡಿ, "ಅಯ್ಯ ಯವ್ವಾ! ಶುಗರ್ ಹಿಂಗ ಏರೇತಲ್ರಿ! ಈ ಗುಳಿಗಿ ತಗೊಂಡ್ರ ಏರ್ತೈತಿ. ಶುಗರ್ ಐತಿ ಅಂತ ಹುಬ್ಬಳ್ಳಿ ಡಾಕ್ಟರಿಗೆ ಹೇಳಿರಿಲ್ಲೋ?" ಅಂದಳು.

ನಾನು ಶಮ್ಮಿಯ ಕಡೆ ಬೆರಳು ಮಾಡಿದೆ. ಅದೇ ಹೊತ್ತಿಗೆ ಶಮ್ಮಿ ನನ್ನ ಕಡೆ ಬೆರಳು ಮಾಡಿದ್ದಳು.

"ನೀ ಹೇಳಿಲ್ಲ?"

"ನೀ ಹೇಳಿಲ್ಲ?"

ನರ್ಸಮ್ಮ ನಮ್ಮಿಬ್ಬರ ಬೆರಳುಗಳನ್ನು ನೋಡಿ, "ಚೊಲೋ ಜೋಡಿ ಬಿಡ್ರಿ" ಅಂದಳು.

ಅಲ್ಲೇ ಹುಬ್ಬಳ್ಳಿಗೆ ಫೋನು ಮಾಡಿ ಡಾಕ್ಟರಿಗೆ ಎಲ್ಲ ಹೇಳಿದೆವು. ಅವರು ಶುಗರಿನ ಗುಳಿಗೆ ಬದಲಿಸಿದರು, ನಾಲ್ಕು ಬುದ್ಧಿಮಾತೂ ಹೇಳಿದರು. ಜೀವಕ್ಕೆ ಏನೂ ಆಗಲಿಲ್ಲ. ಆದದ್ದು ನಮ್ಮಿಬ್ಬರಿಗೆ.

"ಯಾರಿಗೂ ಹೇಳಬ್ಯಾಡ ಅಂದಾಕಿ ನೀನ!" ಅಂದಳು ಶಮ್ಮಿ ವ್ಯಾನಿನಲ್ಲಿ.

"ನನಗ ನಾಲಿಗಿ ಹೊಳ್ಳೂದಿಲ್ಲ ಅಂತ ಎಲ್ಲಾ ನೀನ ಹೇಳಾಕತ್ತಿದ್ದಿ. ಅದೊಂದು ಹೇಳಾಕ ಏನಾಗಿತ್ತು?" ಅಂದೆ. ಅಂದದ್ದು ಅರ್ಧ ಗಾಳಿಯಲ್ಲಿ ಹೋಯಿತು. ಅರ್ಥ ಮಾತ್ರ ಆಯಿತು ಅವಳಿಗೆ.

"ತಲಿ ಅಲ್ಲಾಡಿಸಾಕ ನಾಲಿಗಿ ಬೇಕೇನಲೇ?"

ನನ್ನನ್ನು ಮನೆಯ ಮುಂದೆ ಇಳಿಸಿ ಹೋದವಳು ಆಮೇಲೆ ಬರಲಿಲ್ಲ. ಗೋದಾಮಿಗೆ ನಾನು ಮುಂಜಾನೆ ಹೋದರೆ ಅವಳು ಸಂಜೆ. ಸ್ವಲ್ಪ ದಿನದಲ್ಲೇ ಸುದ್ದಿ ಬಂತು: ಶಮ್ಮಿ ಶಿಗ್ಗಾವಿಯ ಬ್ಯಾಂಕಿನ ಮೇಡಮ್ ಒಬ್ಬಾಕೆಯ ಜತೆ ಅಭ್ಯಾಸ ಶುರು ಮಾಡಿದ್ದಾಳೆ, ಹಿರೇಕೆರೂರಿಗೆ ಅವರಿಬ್ಬರೇ ಹೋಗುತ್ತಾರಂತೆ.

ಮುಖ ಬಿದ್ದದ್ದಕ್ಕಿಂತ ಇದು ಜಾಸ್ತಿ ಆಯಿತು ನನಗೆ. ಆಕೆ ಎತ್ತರ, ಮೊಣಕಾಲಿಗೆ ಪಟ್ಟಿ ಇಲ್ಲ, ಎರಡೂ ಕಣ್ಣು ಮುಚ್ಚುತ್ತವೆ. ಶಮ್ಮಿಯ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಅಂತ ಎಲ್ಲರಿಗೂ ಹೇಳುತ್ತಾ ತಿರುಗಿದೆ. ಸುಳ್ಳು. ಫೋನಿನಲ್ಲಿ ಆಕೆಯ ಹಳೆಯ ಮ್ಯಾಚಿನ ವಿಡಿಯೋ ಹುಡುಕಿ, ಅವಳು ಬಿಟ್ಟ ಒಂದೊಂದು ಶಟಲಿಗೂ ಸಂತೋಷಪಡುತ್ತಿದ್ದೆ. ಅತ್ತೆಗೂ ಗೊತ್ತಾಯಿತು. ಪಟ್ಟಿ ಹಚ್ಚುತ್ತಾ, "ನಿನ್ನ ಜೋಡಿ ಯಾಕ ಬರವಲ್ಲಳು?" ಅಂತ ಕೇಳಿದರು. ಕಣ್ಣಿಗೆ ಹಾಕಿದ ಮುಲಾಮು ಸೋರಿತು ಅಂದೆ.

ಶ್ರಾವಣದಲ್ಲಿ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಶಮ್ಮಿ ನಿಂತಿದ್ದಳು, ಕೈಯಲ್ಲಿ ಒಂದು ನವಿಲುಗರಿ. ನನ್ನನ್ನು ದಾಟಿ ನೇರ ಅತ್ತೆಯ ಹತ್ತಿರ ಹೋದಳು.

"ಮಾಂಶಿ, ಬಂಕಾಪುರದಾಗ ದಾರಿ ಮ್ಯಾಲೆ ಬಿದ್ದಿತ್ತು. ಬಾತುಕೋಳಿ ಶಾಪಕ್ಕ ನವಿಲು ನಡೀತೈತೇನ್ರಿ?"

ಅತ್ತೆ ಗರಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೃಷ್ಣನ ತಲೆಯ ಮೇಲಿರುವುದು ಅದೇ ಅಲ್ಲವೇ. "ನಡೀತದ" ಅಂದು ನನ್ನ ಎಡಗೆನ್ನೆಗೆ ಮೂರು ಸಲ ಸವರಿ, ಗರಿಯನ್ನು ದೇವರ ಮನೆಗೆ ತೆಗೆದುಕೊಂಡು ಹೋದರು.

ಉಳಿದವರು ನಾವಿಬ್ಬರು.

"ಹೆಂಗದಾಳ ನಿನ್ನ ಬ್ಯಾಂಕ್ ಮೇಡಮ್?" ಅಂದೆ. ಅಷ್ಟೊತ್ತಿಗೆ 'ಬ', 'ಮ' ಒಂದಿಷ್ಟು ವಾಪಸ್ ಬಂದಿದ್ದವು. ನೋಡಿ, ಬಂದ ಕೂಡಲೇ ಎಂಥ ಕೆಲಸಕ್ಕೆ ಬಳಸಿದೆ.

"ನಿನ್ನ ಹೆಣಾ ಎತ್ತಲಿ, ಕೇಳಬ್ಯಾಡ. ಎಲ್ಲಾದಕ್ಕೂ 'ನಂದು' ಅಂತಾಳ ಆಕಿ. ನನ್ನ ಮೂಗಿನ ಮ್ಯಾಲೆ ಬಂದದ್ದಕ್ಕೂ 'ನಂದು', ಹೊರಗ ಹೋಗೂದಕ್ಕೂ 'ನಂದು'. ಒಂದೂ ಮುಟ್ಟಾಕ ಕೊಡಂಗಿಲ್ಲ. ನಾ ಬರೇ ಆಕಿ ಆಟಾ ನೋಡಾಕ ಶಿಗ್ಗಾವಿಗೆ ಹೋಗಾಕತ್ತಿದ್ದೆ." ಆಮೇಲೆ ನನ್ನ ಎಡಗೆನ್ನೆ ಚಿವುಟಿ, "ಅರ್ಧ ಮಾರಿ ಇದ್ರೂ ನಡೀತೈತಿ, ನೀನ ಬೇಕು" ಅಂದಳು.

"ನನಗ ಎಡಗಡೆ ಮಂಜು ಮಂಜು ಕಾಣ್ತದ ಶಮ್ಮಿ. ನೀ ಎಲ್ಲಿದ್ದಿ ಗೊತ್ತಾಗೂದಿಲ್ಲ."

"ಒದರೂಣು. ಮಾಸ್ತರು ಹೇಳಿದಂಗ. ನಾಚಿಕಿ ಯಾತರದು?"

ಒಂದು ಸಂಗತಿ ಆಗಲೇ ಹೊಳೆದದ್ದು ನನಗೆ. 'ನಂದು' ಅನ್ನಲು ತುಟಿ ಕೂಡಿಸಬೇಕಿಲ್ಲ. ಹೆಸರು ಹೋದ ದಿನವೂ ಆ ಒಂದು ಮಾತು ನನ್ನ ಬಾಯಲ್ಲಿ ಪೂರಾ ಇತ್ತು. ಆಡಲಿಲ್ಲ, ಅಷ್ಟೇ.

ರೆಪ್ಪೆ ದಸರೆಯ ಹೊತ್ತಿಗೆ ತಾನಾಗೇ ಇಳಿಯತೊಡಗಿತು, ತುಕ್ಕು ಹಿಡಿದ ಅಂಗಡಿಯ ಶಟರಿನ ಹಾಗೆ ತಡೆದು ತಡೆದು. ಡಾಕ್ಟರು ನೋಡಿ, ಕನ್ನಡಕ ಹಾಕಿಕೊಂಡು ಆಡಿ ಅಂದರು. ಈ ಸಲ ಅವರು ಏನು ಕೇಳಿದರೂ ಇಬ್ಬರೂ ಒಟ್ಟಿಗೆ ಉತ್ತರ ಹೇಳಿದೆವು. "ಒಬ್ಬೊಬ್ಬರೇ ಹೇಳ್ರಿ" ಅಂದರು ಪಾಪ. ಗೋದಾಮಿನಲ್ಲಿ ಮೊದಲ ದಿನ 'ನಂದು' 'ನಿಂದು' ಅಂತ ನಾವು ಒದರಿದ ರಭಸಕ್ಕೆ, ಹೊಲ ಹಂಚಿಕೊಳ್ಳುವ ಜಗಳ ನಡೆದಿದೆ ಅಂತ ಪಕ್ಕದ ಗಿರಣಿಯಿಂದ ಜನ ಬಂದು ನೋಡಿದರು.

ಹಿರೇಕೆರೂರಿಗೆ ಬಳಗವೆಲ್ಲ ಬಂತು. ಅತ್ತೆ ಮೊದಲು ಶಟಲಿನ ಡಬ್ಬಿ ತರಿಸಿ ನೋಡಿ, ಪ್ಲಾಸ್ಟಿಕ್ ಅಲ್ಲ, ಪುಕ್ಕದ್ದೇ ಅಂತ ಖಾತ್ರಿಯಾದ ಮೇಲೆ, ಶಾಪ ಮತ್ತೆ ತಟ್ಟದಿರಲಿ ಅಂತ ಕಣ್ಣು ಮುಚ್ಚಿ ಏನೋ ಪಠಿಸುತ್ತಾ ಕೂತರು. ಅವರ ಪಕ್ಕದಲ್ಲಿ ಅಮ್ಮಿ, ಇಬ್ಬರ ನಡುವೆ ಖಾರಾದ ಡಬ್ಬಿ. ಮೊದಲೆರಡು ಸುತ್ತು ಗೆದ್ದೆವು. ಹೆಚ್ಚಿನವರು ಅಜ್ಜಿಯಂದಿರು, ಅದನ್ನು ದೊಡ್ಡದಾಗಿ ಹೇಳಿಕೊಳ್ಳುವುದಿಲ್ಲ. ಸೆಮಿಫೈನಲಿನಲ್ಲಿ ಸಿಕ್ಕವರು ಮಾತ್ರ ಜಾಣೆಯರು. ಸ್ವಲ್ಪ ಹೊತ್ತಿನಲ್ಲೇ ನನ್ನ ಎಡಗಡೆ ಮಂಕು ಅಂತ ಪತ್ತೆ ಹಚ್ಚಿ ಎಲ್ಲವನ್ನೂ ಅಲ್ಲಿಗೇ ಕಳಿಸತೊಡಗಿದರು. ನಾವು ಒದರಿದೆವು. ಒದರಿ ಒದರಿ ಶಮ್ಮಿಯ ಗಂಟಲು ಬಿತ್ತು. ಅಂಪೈರು ಒಮ್ಮೆ ಕರೆದು, "ಸ್ವಲ್ಪ ಸಾವಕಾಶ ಒದರ್ರಿ" ಅಂದರು. ಜನ ನಮ್ಮ ಜತೆ ಒದರತೊಡಗಿದರು. ನಾವು ಸುಮ್ಮನೆ ಆಡುತ್ತಿದ್ದ ಆ ಸೊಕ್ಕಿನ ವರ್ಷಗಳಲ್ಲಿ ಒಬ್ಬರೂ ನಮಗಾಗಿ ಹೀಗೆ ಒದರಿರಲಿಲ್ಲ.

ಮೂರನೆಯ ಗೇಮು, ಕೊನೆಯ ಪಾಯಿಂಟು, ನಾವು ಒಂದು ಹಿಂದೆ. ಶಟಲ್ ಮೇಲೆ ಹೋಗಿ, ಯಾವ ಕಡೆ ಬೀಳಲಿ ಅಂತ ಯೋಚಿಸಿದ ಹಾಗೆ ನಿಂತು, ಸರಿಯಾಗಿ ನಮ್ಮಿಬ್ಬರ ನಡುವೆ ಇಳಿಯಿತು.

"ನಂದು!" ಅಂದೆ ನಾನು, ಎದೆ ಬಿರಿಯುವ ಹಾಗೆ.

"ನಂದು!" ಅಂದಳು ಶಮ್ಮಿ, ಅದೇ ಉಸಿರಿನಲ್ಲಿ.

ಎರಡು ರ‍್ಯಾಕೆಟ್ ಒಂದಕ್ಕೊಂದು ಬಡಿದವು. ನನ್ನದು ಹಾರಿ ನೆಟ್ಟಿಗೆ ಸಿಕ್ಕಿಬಿತ್ತು. ಶಟಲ್ ಇಬ್ಬರ ಕಾಲಿನ ನಡುವೆ ಬಂದು ಕೂತಿತು. ಸೋತೆವು.

ನಾನು ಶಮ್ಮಿಯನ್ನು ನೋಡಿದೆ. ಶಮ್ಮಿ ಶಟಲನ್ನು ನೋಡಿದಳು. ಆಮೇಲೆ ಬಂದ ನಗು ಎಂಥದ್ದು ಅಂದರೆ, ಎದುರಿನವರು ಕೈ ಕುಲುಕಲು ಬಂದು ಕಾದು ನಿಂತರು, ನಮಗೆ ಎದ್ದು ನಿಲ್ಲಲು ಆಗಲಿಲ್ಲ. ನೆಲದ ಮೇಲೆ ಕೂತು ನಕ್ಕೆವು. ಕೊನೆಗೆ ಒಬ್ಬರನ್ನೊಬ್ಬರು ಹಿಡಿದು ಎದ್ದು, ಹೆಗಲ ಮೇಲೆ ಕೈ ಹಾಕಿ ನಿಂತೆವು. ನಮ್ಮ ಮನೆಯವರು ದಿನಾ ಮುಂಜಾನೆಯ ರೂಢಿಯಂತೆ ಫೋನು ಎತ್ತಿ ಫೋಟೋ ತೆಗೆದರು. "ನಗು" ಅಂತ ಹೇಳುವ ಕೆಲಸ ಬೀಳಲಿಲ್ಲ.

"ಪದ್ದಿ, ನಿನ್ನ ಕಣ್ಣು" ಅಂದಳು ಶಮ್ಮಿ, ನಗು ನಿಲ್ಲಿಸಿ. "ನೀ ನಕ್ಕರ ಮುಚ್ಚಾಕತ್ತೇತಿ. ಇನ್ನೊಮ್ಮೆ ನಗು."

ನಕ್ಕೆ. ಎಡಗಣ್ಣು ಪಟ್ಟನೆ ಮುಚ್ಚಿತು. ನಾನು ಮುಚ್ಚಿದ್ದಲ್ಲ, ಅದೇ ಮುಚ್ಚಿಕೊಂಡಿತು.

ಹುಬ್ಬಳ್ಳಿಗೆ ಹೋಗಿ ತೋರಿಸಿದೆವು. ನರ ಮತ್ತೆ ಬೆಳೆಯುವಾಗ ಕೆಲವರಿಗೆ ಹೀಗೆ ದಾರಿ ತಪ್ಪುತ್ತದಂತೆ. ತುಟಿಗೆ ಹೋಗಬೇಕಾದ ಎಳೆಯೊಂದು ಕಣ್ಣಿಗೆ ಹೋಗಿ ಕೂಡಿದೆ. ಹೀಗಾಗಿ ಬಾಯಿ ನಕ್ಕರೆ ಕಣ್ಣು ಮುಚ್ಚುತ್ತದೆ. ಕನ್ನಡಿ ಮುಂದೆ ಮಾಡಲು ವ್ಯಾಯಾಮ ಹೇಳಿಕೊಟ್ಟಿದ್ದಾರೆ, ಮಾಡುತ್ತೇನೆ. ಕಡಿಮೆಯಾಗಬಹುದು, ಪೂರ್ತಿ ಹೋಗದೆಯೂ ಇರಬಹುದು. ಡಾಕ್ಟರು ಹೇಳಿದ್ದನ್ನು ಕೇಳಿ ಶಮ್ಮಿ, "ಅಂದ್ರ ಅದೂ ಇನ್ನೊಬ್ಬರ ಶಟಲ್ ಹೊಡೀತೈತೇನ್ರಿ?" ಅಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು, ನಕ್ಕೆ. ಕಣ್ಣು ಮುಚ್ಚಿತು. ಡಾಕ್ಟರು ಗಡಿಬಿಡಿಯಿಂದ ಚೀಟಿಯ ಕಡೆ ನೋಡಿದರು.

ಮುಚ್ಚಲಿ, ಮುಚ್ಚಲಿ ಅಂತ ತಿಂಗಳುಗಟ್ಟಲೆ ಪಟ್ಟಿ ಹಚ್ಚಿಸಿಕೊಂಡ ಕಣ್ಣು ಅದು. ಈಗ ನಾನು ಖುಷಿಯಾದಾಗಲೆಲ್ಲ ತಾನಾಗೇ ಮುಚ್ಚುತ್ತದೆ. ಅತ್ತೆ ಇದನ್ನು ನವಿಲಿನ ಲೆಕ್ಕಕ್ಕೆ ಹಾಕಿದ್ದಾರೆ. ಹಾಕಲಿ.

ಹಾಗಾಗಿ ಮಾವನವರೇ, ಗುಲಾಬಿ ಕಳಿಸಿದ ಅಣ್ಣಾ, ಉಳಿದ ಎಲ್ಲರೇ, ಬಸ್ ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಹಾನಗಲ್ಲಿನ ಪದ್ದಿ ನಿಮ್ಮ ಕಡೆ ನೋಡಿ ಒಂದು ಕಣ್ಣು ಮುಚ್ಚಿದರೆ ಬೇರೆ ಏನೂ ತಿಳಿಯಬೇಡಿ. ನೀವು ಹೇಳಿದ್ದಕ್ಕೆ ನಿಜವಾಗಿ ನಗು ಬಂದಿದೆ ಅಂತ ತಿಳಿಯಿರಿ. ಮರ್ಯಾದೆಗೆ ಒಂಚೂರು ಹಲ್ಲು ತೋರಿಸಿದರೆ ಅದು ಮುಚ್ಚುವುದಿಲ್ಲ. ಮಾಡಿ ನೋಡಿದ್ದೇನೆ.